ನೂರಕ್ಕೆ ಮೂವತ್ತೆಂಟು

ಚೀಟಿ ಬಿಚ್ಚಿದ ಗುಮಾಸ್ತ ಅದನ್ನು ಮೂರು ಸಲ ಓದಿದ. ನಾಲ್ಕನೆಯ ಸಲ ಕನ್ನಡಕ ಒರೆಸಿಕೊಂಡು ಓದಿದ. ಅಕ್ಷರ ಬದಲಾಗಲಿಲ್ಲ. ಇನ್ನೊಂದು ಚೀಟಿ ಎತ್ತಬಹುದೇ ಎಂದು ಕಾಯಿದೆ ಪುಸ್ತಕ ತಿರುವಿ ಹಾಕಿದ. ಹಾಗೆ ಎತ್ತಿದವನಿಗೆ ಎರಡು ವರ್ಷ ಜೈಲು ಎಂದು ಬರೆದಿತ್ತು. ಕೊನೆಗೆ ಸಾವಿನ ಸುದ್ದಿ ಹೇಳುವವನಂತೆ ದನಿ ತಗ್ಗಿಸಿ ಹೇಳಿದ: ಸಾಬೂನು ಕಾರ್ಖಾನೆಯ ಹೊಸ ಅಧ್ಯಕ್ಷೆ ಬಕೆಟ್ಟಕ್ಕ.

ಬಕೆಟ್ಟಕ್ಕ ಆ ಸಭೆಯಲ್ಲಿ ಇರಲಿಲ್ಲ. ಹೆಂಗಸರ ಕಕ್ಕಸಿನಲ್ಲಿ ಮೊಣಕಾಲೂರಿ, ಕಟ್ಟಿಕೊಂಡ ತೂತಿನೊಳಗೆ ಮೊಣಕೈವರೆಗೆ ಕೈ ಬಿಟ್ಟಿದ್ದಳು. ಕರೆಯಲು ಬಂದ ಪ್ಯಾಕಿಂಗಿನವಳು ಬಾಗಿಲಲ್ಲೇ ನಿಂತು, ಮೂಗು ಮುಚ್ಚಿಕೊಂಡು, ನೀನು ಅಧ್ಯಕ್ಷೆ ಆಗಿದೀಯಂತೆ, ಬೇಗ ಕೈ ತೊಳ್ಕೊಂಡು ಬಾ ಅಂದಳು. ಇವಳು ತಮಾಷೆ ಎಂದುಕೊಂಡಳು. ಆಯ್ತು ತಾಯಿ, ಇದೊಂದು ತೂತು ಬಿಡಿಸಿ ಆಮೇಲೆ ಬಂದು ಆಳ್ತೀನಿ ಅಂದಳು.

ಸರ್ಕಾರ ಬದಲಾಗಿ ಆಗ ಒಂದು ವರ್ಷ. ಹೊಸ ಸರ್ಕಾರ ಕಾರ್ಖಾನೆಗಳನ್ನೆಲ್ಲ ದುಡಿಯುವವರ ಹೆಸರಿಗೆ ಬರೆದಿತ್ತು. ಎಲ್ಲರೂ ಸಮಾನ ಮಾಲೀಕರು. ಅಧ್ಯಕ್ಷಗಿರಿ ಆರಾರು ತಿಂಗಳಿಗೆ ಒಬ್ಬರಿಗೆ, ಅದೂ ಚೀಟಿ ಎತ್ತಿ. ಹಳೆಯ ಮಾಲೀಕನೂ ಒಬ್ಬ ಸಮಾನ ಮಾಲೀಕನಾಗಿ ಉಳಿದುಕೊಂಡಿದ್ದ. ಪಾಪ, ಒಳ್ಳೆಯ ಮನುಷ್ಯ. ಯಾರನ್ನೂ ಒಂದು ದಿನ ಬೈದವನಲ್ಲ. ಬೈಯಲು ಮೇಸ್ತ್ರಿಯನ್ನು ಇಟ್ಟಿದ್ದ. ಆ ಮೇಸ್ತ್ರಿಯೂ ಈಗ ಸಮಾನ ಮಾಲೀಕ.

ಬಕೆಟ್ಟಕ್ಕ ಅಲ್ಲಿ ಹತ್ತೊಂಬತ್ತು ವರ್ಷದಿಂದ ನೆಲ ಒರೆಸುತ್ತಿದ್ದಳು, ಕಕ್ಕಸು ತೊಳೆಯುತ್ತಿದ್ದಳು. ಆ ಕಾರ್ಖಾನೆಯಲ್ಲಿ ಬಕೆಟ್ ಹಿಡಿಯುವವರು ಬಹಳ ಮಂದಿ ಇದ್ದರು. ನಿಜವಾದ ಬಕೆಟ್ ಹಿಡಿದವಳು ಇವಳೊಬ್ಬಳೇ. ಅವಳು ಒರೆಸಲು ಬಂದರೆ ಕೂತವರು ಕಾಲೆತ್ತುತ್ತಿದ್ದರು. ಮುಖ ನೋಡುತ್ತಿರಲಿಲ್ಲ, ಮಾತು ನಿಲ್ಲಿಸುತ್ತಿರಲಿಲ್ಲ. ಅವಳು ಬಗ್ಗಿ ಕುರ್ಚಿ ಕೆಳಗೆ ಬಟ್ಟೆ ಆಡಿಸಿ ಮುಂದೆ ಹೋದ ಮೇಲೆ ಕಾಲು ಇಳಿಸುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವಳು ಆ ಕಾರ್ಖಾನೆಯವರ ಅಂಗಾಲುಗಳನ್ನೆಲ್ಲ ನೋಡಿದ್ದಳು. ಯಾರಿಗೆ ಹಿಮ್ಮಡಿ ಒಡೆದಿದೆ, ಯಾರ ಚಪ್ಪಲಿಗೆ ಮೊಳೆ ಹೊಡೆಸಿದೆ, ಎಲ್ಲ ಅವಳಿಗೆ ಬಾಯಿಪಾಠ. ಅವಳ ಕಣ್ಣು ಕಪ್ಪೋ ಕಂದೋ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮರುದಿನ ಆಡಳಿತ ಸಭೆ. ಒಗೆದ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ಬರಿಗೈಯಲ್ಲಿ ಬಾಗಿಲು ತಳ್ಳಿ ಒಳಗೆ ಬಂದಳು. ಮೇಜಿನ ಸುತ್ತ ಹನ್ನೊಂದು ಮಂದಿ ಇದ್ದರು. ಇಪ್ಪತ್ತೆರಡು ಕಾಲೂ ಒಟ್ಟಿಗೆ ಮೇಲೆದ್ದವು. ಬೇಕೆಂದು ಎತ್ತಿದ್ದಲ್ಲ, ಅವರ ತಪ್ಪೂ ಅಲ್ಲ. ಮೇಸ್ತ್ರಿ ಎಣ್ಣೆಯ ಬಗ್ಗೆ ಮಾತಾಡುತ್ತಿದ್ದ, ಕಾಲು ಗಾಳಿಯಲ್ಲಿ ಇಟ್ಟುಕೊಂಡೇ ಮಾತು ಮುಂದುವರಿಸಿದ.

ಇವಳಾದರೂ ಏನು ಕಡಿಮೆ? ಕಾಲೆದ್ದದ್ದು ಕಂಡದ್ದೇ ತಡ, ಇವಳ ಮೊಣಕಾಲು ತಾನಾಗಿ ಮಡಚಿತು. ಕುಕ್ಕರುಗಾಲಲ್ಲಿ ಕೂತು ಮೇಜಿನ ಕೆಳಗೆ ಕೈ ಚಾಚಿದಳು. ಕೈಯಲ್ಲಿ ಬಟ್ಟೆ ಇಲ್ಲ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅಲ್ಲೇ ಕೂತು ಅವಳಿಗೆ ಅಳು ಬಂತು. ಅವರ ಮೇಲಿನ ಸಿಟ್ಟಿಗಿಂತ ತನ್ನ ಮೊಣಕಾಲಿನ ಮೇಲೆ ಸಿಟ್ಟು ಬಂತು. ಎದ್ದು, ಮೇಜಿನ ತುದಿಯ ಕುರ್ಚಿ ಎಳೆದು ಕೂತಳು. ಆಗ ಹನ್ನೊಂದು ಮಂದಿಗೂ ನೆನಪಾಗಿ ಕಾಲು ಒಂದೊಂದಾಗಿ ಇಳಿದವು.

ಅವಳು ಕೇಳಿದ್ದು ಒಂದೇ. ಕಕ್ಕಸು ಗುಂಡಿಗೆ ಇನ್ನು ಮನುಷ್ಯರನ್ನು ಇಳಿಸುವುದು ಬೇಡ. ಊರಲ್ಲಿ ಗುಂಡಿ ಹೀರುವ ಗಾಡಿ ಇದೆ, ಕರೆದರೆ ಬರುತ್ತದೆ. ಅದನ್ನು ಕರೆಸಿ.

ಕಾರ್ಖಾನೆಯ ಹಿಂದೆ, ಸಾಬೂನು ಒಣಗಿಸುವ ಅಂಗಳದ ಮೂಲೆಯಲ್ಲಿ ಆ ಗುಂಡಿ ಇತ್ತು. ಎರಡಾಳು ಆಳ. ಆರು ತಿಂಗಳಿಗೊಮ್ಮೆ ತುಂಬುತ್ತಿತ್ತು. ಅದಕ್ಕೆ ಇಳಿಯುವುದು ಬಕೆಟ್ಟಕ್ಕನ ಮನೆಯವರ ಕೆಲಸ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವಳ ಗಂಡ ಇಳಿದ. ಐದು ನಿಮಿಷದ ಕೆಲಸ ಅಂದಿದ್ದರು. ಒಳಗಿನ ಕೆಟ್ಟ ಗಾಳಿ ಕುಡಿದು ಅಲ್ಲೇ ಸತ್ತ. ಹಗ್ಗ ಎಳೆದಾಗ ಬಾಯಿ ತುಂಬ ಅದೇ ಇತ್ತು. ಕಾರ್ಖಾನೆಯಿಂದ ಒಂದು ಪೆಟ್ಟಿಗೆ ಸಾಬೂನು ಕಳಿಸಿದರು. ಹೆಣ ತೊಳೆಯಲು ನಾಲ್ಕು ಸಾಬೂನು ಹಿಡಿಯಿತು. ಮಿಕ್ಕದ್ದರಲ್ಲಿ ಅವಳು ಒಂದು ವರ್ಷ ಬಟ್ಟೆ ಒಗೆದಳು. ಅವನಾದ ಮೇಲೆ ಅವಳ ತಮ್ಮ ಇಳಿಯುತ್ತಿದ್ದ. ತಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ಈ ಸಲ ಅವನು ಇಳಿಯಬೇಕಾದದ್ದು ಬರುವ ಶನಿವಾರ.

ಹೊಸ ಕಾಯಿದೆಯಲ್ಲಿ ಒಂದು ಮಾತಿತ್ತು: ಅಧ್ಯಕ್ಷರ ಸಹಿಯಿಲ್ಲದೆ ಯಾರನ್ನೂ ಗುಂಡಿಗೆ ಇಳಿಸುವಂತಿಲ್ಲ. ಬರೆದ ಪುಣ್ಯಾತ್ಮನಿಗೆ ಅಧ್ಯಕ್ಷ ಅಂದರೆ ಮೇಲೆ ನಿಂತು ನೋಡುವವನು. ಇಳಿಯುವವನ ಅಕ್ಕನೇ ಆ ಕುರ್ಚಿಯಲ್ಲಿ ಕೂತರೆ ಏನಾಗುತ್ತದೆ ಎಂದು ಅವನು ಯೋಚಿಸಿರಲಿಲ್ಲ.

ಸಭೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅದೇ ತಾನೇ ತೊಂದರೆ. ಎಲ್ಲರೂ ತಾತ್ವಿಕವಾಗಿ ಒಪ್ಪಿದರು. ಗುಮಾಸ್ತ ಒಪ್ಪಿದ, ಮೇಸ್ತ್ರಿ ಒಪ್ಪಿದ, ಪ್ಯಾಕಿಂಗಿನವಳು ಕಣ್ಣೊರೆಸಿಕೊಂಡು ಒಪ್ಪಿದಳು. ಆದರೆ ಜನ ಸಿದ್ಧರಿದ್ದಾರೆಯೇ ಎಂಬ ಪ್ರಶ್ನೆ ಬಂತು. ಜನ ಎಂದರೆ ಯಾರು ಎಂದು ಕೇಳಿದರೆ ಪ್ರತಿಯೊಬ್ಬರೂ ಪಕ್ಕದವರನ್ನು ತೋರಿಸಿದರು. ಕೊನೆಗೆ ಮಾಜಿ ಮಾಲೀಕ ಗಂಟಲು ಸರಿಮಾಡಿಕೊಂಡ.

"ಗಾಡಿ ತರಿಸೋದು ದೊಡ್ಡದಲ್ಲಮ್ಮ. ಮೌಲ್ಯ ಬದಲಾಗಬೇಕು. ಮೌಲ್ಯ ಬದಲಾಗದೆ ಗಾಡಿ ಬಂದರೆ ಅದು ಬರೀ ಗಾಡಿ."

"ನಂಗೆ ಬರೀ ಗಾಡೀನೇ ಸಾಕು ಸ್ವಾಮಿ," ಅಂದಳು ಬಕೆಟ್ಟಕ್ಕ.

ಅವಳ ಮಾತಿನಲ್ಲಿ ಆಳ ಸಾಲದು ಎಂದು ಎಲ್ಲರಿಗೂ ಅನ್ನಿಸಿತು. ಗುಮಾಸ್ತ ಸುತ್ತೋಲೆಯೊಂದನ್ನು ಹುಡುಕಿ ತೆಗೆದ. ಬದಲಾವಣೆ ತರುವಲ್ಲಿ ಸಂಶಯ ಬಂದರೆ ಸಮಾಜದ ಮೌಲ್ಯಗಳು ಸಿದ್ಧವಿವೆಯೋ ಇಲ್ಲವೋ ಎಂದು ಅಳೆದು ಹೇಳಲು ಸರ್ಕಾರವೇ ಒಬ್ಬ ಮೌಲ್ಯಾಧಿಕಾರಿಯನ್ನು ಕಳಿಸುತ್ತದಂತೆ. ಕಳಿಸಿ ಎಂದು ಬರೆದರು. ಅಧಿಕಾರಿ ಬುಧವಾರವೇ ಬಂದ. ಗುಂಡಿ ಹೀರುವ ಗಾಡಿಗಿಂತ ಬೇಗ ಬಂದ ಅಂತ ಬೇರೆ ಹೇಳಬೇಕಾಗಿಲ್ಲ.

ಅವನ ಹತ್ತಿರ ಎಂಬತ್ತು ಪ್ರಶ್ನೆಗಳ ನಮೂನೆ ಇತ್ತು. ಪ್ರತಿ ಪ್ರಶ್ನೆಗೂ ಮೂರು ಉತ್ತರ: ಹೌದು, ಇಲ್ಲ, ಬೆಳೆಯುತ್ತಿದೆ. ನಿಮ್ಮಲ್ಲಿ ಸಮಾನತೆ ಇದೆಯೇ? ಬೆಳೆಯುತ್ತಿದೆ. ಗುಂಡಿಗೆ ಇಳಿದವರ ಪಕ್ಕದಲ್ಲಿ ಕೂತು ಉಣ್ಣುತ್ತೀರಾ? ಬೆಳೆಯುತ್ತಿದೆ. ಎಷ್ಟು ವರ್ಷದಿಂದ ಬೆಳೆಯುತ್ತಿದೆ ಎಂದು ಕೇಳಲು ನಮೂನೆಯಲ್ಲಿ ಜಾಗವಿರಲಿಲ್ಲ. ಎರಡು ದಿನ ಕಾರ್ಖಾನೆಯವರೆಲ್ಲ ಸಾಬೂನು ಬಿಟ್ಟು ಮೌಲ್ಯ ತುಂಬಿದರು.

ಅಧಿಕಾರಿ ಅಭ್ಯಾಸವನ್ನೂ ಮಾಡಿಸಿದ. ಅಧ್ಯಕ್ಷೆಗೆ ಎದ್ದುನಿಂತು ನಮಸ್ಕಾರ ಹೇಳಬೇಕು. ಆದರೆ ಮೊದಲ ದಿನವೇ ಅವಳು ಎದುರಿಗಿದ್ದರೆ ಮನಸ್ಸಿಗೆ ಭಾರವಾಗುತ್ತದೆ, ಮೊದಲು ಖಾಲಿ ಕುರ್ಚಿಗೆ ಹೇಳಿ ರೂಢಿಯಾಗಲಿ ಎಂದ. ಬಕೆಟ್ಟಕ್ಕನನ್ನು ಹೊರಗೆ ನಿಲ್ಲಿಸಿದರು. ಒಳಗೆ ಕುರ್ಚಿಗೆ ಎಲ್ಲರೂ ಸಾಲಾಗಿ ಕೈಮುಗಿದು, ನಮಸ್ಕಾರ ಅಧ್ಯಕ್ಷರೇ, ಊಟ ಆಯಿತೇ ಅಧ್ಯಕ್ಷರೇ ಎಂದು ಕೇಳುವುದು ಬಾಗಿಲ ಸಂದಿಯಿಂದ ಅವಳಿಗೆ ಕೇಳಿಸುತ್ತಿತ್ತು. ಅಭ್ಯಾಸ ಮುಗಿಸಿ ಹೊರಬಂದ ಮೇಸ್ತ್ರಿ ಅವಳನ್ನು ನೋಡಿ ನಕ್ಕ. ಅಧ್ಯಕ್ಷರೇ, ಬಾಯ್ಲರ್ ಹತ್ತಿರ ಎಣ್ಣೆ ಚೆಲ್ಲಿದೆ, ಸ್ವಲ್ಪ ಒರೆಸಿಬಿಡು ಅಂದ. ಅವಳು ಒರೆಸಿದಳು. ಅಧ್ಯಕ್ಷೆಯಾದರೆ ಕಕ್ಕಸು ತೊಳೆಯುವುದು ಯಾರು ಎಂಬ ಪ್ರಶ್ನೆ ಎಂಬತ್ತರಲ್ಲಿ ಬಂದಿರಲಿಲ್ಲ, ಹಾಗಾಗಿ ಅವಳೇ ತೊಳೆಯುತ್ತಿದ್ದಳು.

ಕೊನೆಗೆ ಅಧಿಕಾರಿ ಅವಳನ್ನೂ ಕೂರಿಸಿ ಕೇಳಿದ. ನಿಮ್ಮ ಮೌಲ್ಯಗಳು ಬದಲಾವಣೆಗೆ ಸಿದ್ಧವೇ?

"ಸ್ವಾಮಿ, ನನ್ನ ತಮ್ಮ ಶನಿವಾರ ಇಳೀಬೇಕು. ಅಷ್ಟರೊಳಗೆ ನಿಮ್ಮದು ಮುಗಿಯುತ್ತಾ?"

ಅವನು 'ಆತುರ' ಎಂದು ಬರೆದುಕೊಂಡ. ಆತುರಕ್ಕೆ ನಾಲ್ಕು ಅಂಕ ಕಳೆದ.

ಶುಕ್ರವಾರ ಫಲಿತಾಂಶ ಹಚ್ಚಿದರು. ನೂರಕ್ಕೆ ಮೂವತ್ತೆಂಟು. ತೇರ್ಗಡೆಗೆ ಅರವತ್ತು ಬೇಕು. ಮೌಲ್ಯ ಹಣ್ಣಾಗಲು ಹನ್ನೆರಡು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಭಿತ್ತಿಪತ್ರ, ಭಾಷಣ, ತಿಂಗಳಿಗೊಂದು ಗೀತಗಾಯನ ನಡೆಯಲಿ, ಗುಂಡಿಯ ಕೆಲಸ ಹಿಂದಿನಂತೆ ಸಾಗಲಿ ಎಂದು ಕೆಳಗೆ ಬರೆದಿತ್ತು. ಮೂವತ್ತೆಂಟು ಬಂದದ್ದಕ್ಕೆ ಕಾರ್ಖಾನೆಯವರು ಖುಷಿಪಟ್ಟರು. ಪಕ್ಕದ ಎಣ್ಣೆ ಕಾರ್ಖಾನೆಗೆ ಇಪ್ಪತ್ತೊಂಬತ್ತು ಬಂದಿತ್ತಂತೆ.

ಅಂದು ಸಂಜೆ ಬಕೆಟ್ಟಕ್ಕ ತಮ್ಮನ ಮನೆಗೆ ಹೋದಳು. ಅವನು ಹೊಸ ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದ. ಅಕ್ಕ ಅಧ್ಯಕ್ಷೆ ಆಗಿದ್ದಾಳೆ, ನಾಳೆ ಎಲ್ಲರ ಎದುರು ಹಳೇ ಅಂಗಿಯಲ್ಲಿ ಹೋಗುವುದು ಬೇಡ ಎಂದು ಕೊಂಡದ್ದು. ಗುಂಡಿಯ ಬಾಯಿವರೆಗೆ ಹಾಕಿಕೊಂಡು ಹೋಗಿ, ಅಲ್ಲಿ ಕಳಚಿಟ್ಟು ಇಳಿಯುತ್ತಾನಂತೆ. ನಾನು ಸಹಿ ಹಾಕಲ್ಲ, ನೀನು ಇಳಿಯಬೇಡ ಎಂದು ಅವಳು ಹೇಳಿದಾಗ ಅವನು ಸಿಡುಕಿದ.

"ಇಳೀದೇ ಇದ್ರೆ ಇನ್ನೇನು ಕೆಲಸ ಕೊಡ್ತಾರೆ ಅಕ್ಕಾ? ಸಾಬೂನು ಮುಟ್ಟೋಕೆ ಬಿಡ್ತಾರಾ ನನ್ನ? ಸಹಿ ಹಾಕು ಸುಮ್ನೆ. ಭಾವನ ಟೈಮ್ ಸರಿ ಇರ್ಲಿಲ್ಲ, ಅಷ್ಟೇ."

ಅವನಿಗೂ ಮೂವತ್ತೆಂಟೇ ಬಂದಿದೆ ಎಂದುಕೊಂಡಳು. ತನಗೆಷ್ಟು ಬಂದಿದೆಯೋ. ಬುಧವಾರ ಬಾಯ್ಲರ್ ಹತ್ತಿರ ಎಣ್ಣೆ ಒರೆಸಿದವಳು ತಾನೇ ಅಲ್ಲವೇ? ತಮ್ಮನ ಮಕ್ಕಳಿಬ್ಬರೂ ಬಂದು ಅವಳ ತೊಡೆಯ ಮೇಲೆ ಕೂತರು.

ಶನಿವಾರ ಬೆಳಿಗ್ಗೆ ಗುಮಾಸ್ತ ಪರವಾನಗಿ ಕಾಗದ ತಂದು ಮುಂದಿಟ್ಟ. ಸಹಿ ಮಾಡುವ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದ. ಬಕೆಟ್ಟಕ್ಕ ಕಾಗದ ಮಡಚಿ ವಾಪಸು ಕೊಟ್ಟಳು. ಹಾಕಲ್ಲ ಅಂದಳು. ಹೆಬ್ಬೆಟ್ಟಾದರೂ ಒತ್ತಿ ಅಂದ. ನನಗೆ ಸಹಿ ಬರುತ್ತೆ, ಹಾಕಲ್ಲ ಅಂದಳು. ತಾತ್ಕಾಲಿಕವಾಗಿ ಹಾಕಿ ಅಂದ. ಹಾಕಲ್ಲ. ಪ್ರತಿಭಟನೆ ಸೂಚಿಸಿ ಹಾಕಿ, ಹಾಗೂ ಒಂದು ದಾರಿ ಇದೆ ಅಂದ. ಅವಳು ಎದ್ದು ಹೋಗಿ ಗುಂಡಿಯ ಮುಚ್ಚಳದ ಮೇಲೆ ಕೂತಳು. ಕಬ್ಬಿಣದ ಮುಚ್ಚಳ, ಬಿಸಿಲಿಗೆ ಕಾದಿತ್ತು. ಏಳಲಿಲ್ಲ.

ಹತ್ತು ಗಂಟೆಗೆ ಹೆಂಗಸರ ಕಕ್ಕಸು ಉಕ್ಕಿತು. ಹನ್ನೊಂದಕ್ಕೆ ಗಂಡಸರದ್ದು. ತೊಳೆಯುವವಳು ಮುಚ್ಚಳದ ಮೇಲೆ ಕೂತಿದ್ದಳು. ಸಾಬೂನಿನ ಸುವಾಸನೆ ಎಷ್ಟು ಹೊತ್ತು ತಾನೇ ತಡೆದೀತು? ಹನ್ನೆರಡಕ್ಕೆ ಮಾಜಿ ಮಾಲೀಕನ ಖಾಸಗಿ ಕಕ್ಕಸೂ ಉಕ್ಕಿತು. ಅದೂ ಇದೇ ಗುಂಡಿಗೆ ಸೇರುತ್ತದೆ ಎಂದು ಬಹಳ ಮಂದಿಗೆ ಗೊತ್ತಾದದ್ದು ಆವತ್ತೇ. ವರದಿಗೆ ಮುದ್ರೆ ಹಾಕಿಸಿಕೊಳ್ಳಲು ಬಂದಿದ್ದ ಮೌಲ್ಯಾಧಿಕಾರಿ ಮೂರು ಲೋಟ ಚಹಾ ಕುಡಿದಿದ್ದ. ಒಂದು ಗಂಟೆಗೆ ಅವನು ನಿಂತಲ್ಲಿ ನಿಲ್ಲದಾದ, ಕೂತಲ್ಲಿ ಕೂರದಾದ.

ತುರ್ತು ಸಭೆ ನಡೆಯಿತು. ನಿಂತುಕೊಂಡೇ ನಡೆಯಿತು. ಮೌಲ್ಯಗಳನ್ನು ಮತ್ತೆ ಅಳೆಯಲು ಸಮಯವಿಲ್ಲ, ಹಾಗಾಗಿ ತೇರ್ಗಡೆಯ ಅಂಕವನ್ನೇ ಅರವತ್ತರಿಂದ ಮೂವತ್ತೈದಕ್ಕೆ ಇಳಿಸಲಾಯಿತು. ಸಮಾಜ ಮೂರು ಅಂಕ ಹೆಚ್ಚೇ ಪಡೆದು ತೇರ್ಗಡೆಯಾಯಿತು. ಹನ್ನೆರಡು ವರ್ಷ ಬೇಕಾಗಿದ್ದ ಬದಲಾವಣೆ ಮೂರು ಲೋಟ ಚಹಾದಲ್ಲಿ ಆಯಿತು. ಅಧಿಕಾರಿ ಚಪ್ಪಾಳೆ ತಟ್ಟಲಿಲ್ಲ, ಎರಡೂ ಕೈ ಬೇರೆ ಕಡೆ ಇದ್ದವು. ಗಾಡಿಗೆ ಫೋನ್ ಹೋಯಿತು.

ಮೂರು ಗಂಟೆಗೆ ಗಾಡಿ ಬಂತು. ಬಕೆಟ್ಟಕ್ಕ ಮುಚ್ಚಳದಿಂದ ಎದ್ದಳು. ಕಾಲು ಜೋಮು ಹಿಡಿದಿತ್ತು. ಅವಳ ತಮ್ಮ ಹೊಸ ಅಂಗಿಯಲ್ಲಿ ಗೋಡೆಗೆ ಒರಗಿ ನಿಂತಿದ್ದ. ಗಾಡಿಯವನು ಮುಚ್ಚಳ ತೆಗೆದು, ತೋಳುಗಾತ್ರದ ಕೊಳವೆ ಇಳಿಬಿಟ್ಟು ಮೋಟಾರು ಹಾಕಿದ. ನಾಲ್ಕು ನಿಮಿಷ ಗೊರಗೊರ ಎಂದು ಹೀರಿತು. ಕಾರ್ಖಾನೆಯವರೆಲ್ಲ ಸುತ್ತ ನಿಂತು, ಎಷ್ಟು ಸುಲಭ, ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಐದನೆಯ ನಿಮಿಷಕ್ಕೆ ಮೋಟಾರು ಕೊಸರಾಡಿ ನಿಂತಿತು.

ಕೊಳವೆಯ ಬಾಯಿಗೆ ಏನೋ ಸಿಕ್ಕಿಕೊಂಡಿದೆ, ಎಳೆದರೆ ಬರುತ್ತಿಲ್ಲ, ಒಬ್ಬರು ಇಳಿದು ಬಿಡಿಸಿದರೆ ಐದು ನಿಮಿಷದ ಕೆಲಸ ಅಂದ ಗಾಡಿಯವನು.

ಅರವತ್ತು ಕುತ್ತಿಗೆಗಳು ಗೋಡೆಯ ಕಡೆ ತಿರುಗಿದವು, ಅಷ್ಟೇ. ಯಾರೂ ಅವನನ್ನು ಇಳಿ ಅನ್ನಲಿಲ್ಲ. ಹೊಸ ಮೌಲ್ಯ ಬಂದು ಇನ್ನೂ ಎರಡೇ ಗಂಟೆಯಾಗಿತ್ತು, ಹಾಗೆ ಬಾಯಿಬಿಟ್ಟು ಹೇಳುವುದು ಚೆನ್ನಾಗಿರುವುದಿಲ್ಲ. ಅವಳ ತಮ್ಮ ಗೋಡೆ ಬಿಟ್ಟು ಮುಂದೆ ಬಂದ. ಅಂಗಿಯ ಮೇಲಿನ ಎರಡು ಗುಂಡಿ ಆಗಲೇ ಬಿಚ್ಚಿದ್ದ.

"ಅಂಗಿ ಹಾಕ್ಕೋ," ಅಂದಳು ಬಕೆಟ್ಟಕ್ಕ.

"ಐದು ನಿಮಿಷ ಅಕ್ಕಾ."

"ಅಂಗಿ ಹಾಕ್ಕೊಳೋ ಅಂದೆ."

ಅವಳು ಗಾಡಿಯವನ ಹತ್ತಿರ ಹೋಗಿ, ಮನುಷ್ಯ ಇಳಿಯದೆ ಬೇರೆ ದಾರಿ ಇದೆಯೋ ಇಲ್ಲವೋ ಎಂದು ಕೇಳಿದಳು. ಅವನು ತಲೆ ಕೆರೆದುಕೊಂಡ. ಇದೆ, ಉಲ್ಟಾ ಗಾಳಿ ಊದಬಹುದು, ಸಿಕ್ಕಿಕೊಂಡದ್ದು ಹಾರಿಹೋಗುತ್ತದೆ. ಆದರೆ ಗುಂಡಿಯಲ್ಲಿ ಇದ್ದದ್ದೆಲ್ಲ ಮೇಲಕ್ಕೆ ಚಿಮ್ಮುತ್ತದೆ, ಇಡೀ ಅಂಗಳಕ್ಕೆ ಬೀಳುತ್ತದೆ ಅಂದ.

ಅಂಗಳದ ತುಂಬ ಹಲಗೆಗಳ ಮೇಲೆ ಸಾಬೂನು ಒಣಗುತ್ತಿತ್ತು. ಆಗ ಎಲ್ಲರಿಗೂ ಬಾಯಿ ಬಂತು. ಒಂದು ವಾರದ ಸಾಬೂನು ಎಂದು ಮೇಸ್ತ್ರಿ ಕೂಗಿದ. ಎಲ್ಲರ ದುಡಿಮೆ ಎಂದಳು ಪ್ಯಾಕಿಂಗಿನವಳು. ಮಾಜಿ ಮಾಲೀಕ ಮುಂದೆ ಬಂದು ಮೆಲ್ಲಗೆ ತಿಳಿಹೇಳಿದ. ಒಬ್ಬನೇ ಒಬ್ಬ ಮನುಷ್ಯ, ಐದೇ ಐದು ನಿಮಿಷ, ಇದು ಕೊನೆಯ ಸಲ, ಎಲ್ಲರ ಹಿತದ ಮುಂದೆ ಇದು ದೊಡ್ಡದೇನಮ್ಮ ಎಂದ. ಅವನ ದನಿಯಲ್ಲಿ ನಿಜವಾದ ನೋವಿತ್ತು. ಅದನ್ನು ಕೇಳಿ ಬಕೆಟ್ಟಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಹೆಣದ ಮುಂದೆಯೂ ಇವನು ಇದೇ ದನಿಯಲ್ಲಿ ಮಾತಾಡಿದ್ದ.

"ಊದು," ಅಂದಳು ಗಾಡಿಯವನಿಗೆ.

ಅವನು ಹಿಂದೆಮುಂದೆ ನೋಡಿದ. ಆಮೇಲೆ ತನ್ನ ತಲೆಗೆ ಬರಬಾರದು, ಯಾರು ಹೇಳಿದ್ದು ಅಂತ ಬರೆದುಕೊಳ್ಳಲಿ ಎಂದು ಕೇಳಿದ.

"ಅಧ್ಯಕ್ಷೆ ಹೇಳಿದ್ಲು ಅಂತ ಬರ್ಕೋ. ಕೊಡಿಲ್ಲಿ, ಸಹಿ ಹಾಕ್ತೀನಿ."

ಅವನ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು. ತಿರುಗಿ ನಿಂತು, ದೂರ ಹೋಗುವವರು ಹೋಗಿ ಎಂದು ಎರಡು ಸಲ ಕೂಗಿ ಹೇಳಿದಳು. ಒಬ್ಬರೂ ಕದಲಲಿಲ್ಲ. ಇವಳು ಹೇಳುವುದೇನು, ಅವನು ಊದುವುದೇನು ಎಂದು ನಿಂತಿದ್ದರು. ನೆಲ ಒರೆಸುವವಳು ನೆಲ ಕೊಳೆ ಮಾಡುವುದುಂಟೇ? ಹತ್ತೊಂಬತ್ತು ವರ್ಷದ ನಂಬಿಕೆ ಅದು. ಗಾಡಿಯವನು ಮಾತ್ರ ಕಿಟಕಿಯ ಗಾಜು ಏರಿಸಿಕೊಂಡು ಸನ್ನೆಕೋಲು ಎಳೆದ.

ನೆಲ ಅದುರಿತು. ಗುಂಡಿ ಒಮ್ಮೆ ತೇಗಿ, ಮರದೆತ್ತರ ಎದ್ದು, ಸಾವಕಾಶವಾಗಿ ಎಲ್ಲರ ಮೇಲೆ ಇಳಿಯಿತು. ಹೆಚ್ಚು ಕಡಿಮೆ ಮಾಡಲಿಲ್ಲ. ಮಾಜಿ ಮಾಲೀಕನ ಬೋಳುತಲೆಗೆ, ಮೇಸ್ತ್ರಿಯ ಬಿಟ್ಟ ಬಾಯಿಗೆ, ಗುಮಾಸ್ತನ ಕನ್ನಡಕಕ್ಕೆ, ಮೌಲ್ಯಾಧಿಕಾರಿಯ ಎಂಬತ್ತು ಪ್ರಶ್ನೆಗಳಿಗೆ, ಸಾಬೂನಿಗೆ, ಬಕೆಟ್ಟಕ್ಕನಿಗೆ, ಅವಳ ತಮ್ಮನಿಗೆ. ಅರಚಾಟ ಎದ್ದಿತು. ಒಬ್ಬರ ಮೇಲೊಬ್ಬರು ಜಾರಿ ಬಿದ್ದರು. ವಾಂತಿ ಮಾಡಿಕೊಂಡರು. ಒಣಗುತ್ತಿದ್ದ ಸಾಬೂನನ್ನೇ ಬಾಚಿ ಮೈಗೆ ಉಜ್ಜಿಕೊಂಡರು, ಅದೂ ಅದರಲ್ಲೇ ಮುಳುಗಿತ್ತು. ಕೊಳವೆ ಬಿಟ್ಟುಕೊಂಡಿತು. ಮೋಟಾರು ಮತ್ತೆ ಗೊರಗೊರ ಹೀರತೊಡಗಿತು.

ಬಕೆಟ್ಟಕ್ಕ ನಿಂತಲ್ಲೇ ನಿಂತಿದ್ದಳು. ಕೂದಲಿಂದ ತೊಟ್ಟಿಕ್ಕುತ್ತಿತ್ತು. ಐದು ನಿಮಿಷ ಕಳೆದಿತ್ತು. ಅವಳು ಗುಂಡಿಯ ಬಾಯಿ ನೋಡಿದಳು, ಆಮೇಲೆ ತಮ್ಮನನ್ನು ನೋಡಿದಳು. ಅವನು ಅಂಗಿಯ ತುದಿ ಎರಡೂ ಕೈಯಲ್ಲಿ ಹಿಡಿದು, ಬಿಸಿಲಿನಲ್ಲಿ, ನೆಲದ ಮೇಲೆ ನಿಂತು, ಬಾಯಿಗೆ ಬಂದಂತೆ ಬೈಯುತ್ತಿದ್ದ. ನಿಂಗೆ ತಲೆ ಕೆಟ್ಟಿದೆಯಾ, ಹೊಸ ಅಂಗಿ ಕಣೇ, ಒಂದು ಸಲಾನೂ ಒಗೆದಿಲ್ಲ, ಮನೆಯಲ್ಲಿ ಏನು ಹೇಳಲಿ, ಅಧ್ಯಕ್ಷೆ ಆದಮೇಲೆ ನಿನಗೆ ಸೊಕ್ಕು ಬಂದಿದೆ ಅಂತ. ಅವಳ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಒರೆಸಿಕೊಳ್ಳೋಣವೆಂದರೆ ಕೈ ಅಷ್ಟೇ ಕೊಳೆಯಾಗಿತ್ತು.

"ಬೈಯೋ," ಅಂದಳು. "ಇನ್ನೂ ಬೈಯಿ. ಜೋರಾಗಿ ಬೈಯಿ."